ಎಂಜಿನಿಯರ್ ಪಿಝಡ್-58 ಇಕ್ಕಳ: ಸವೆದ ಸಣ್ಣ ಸ್ಕ್ರೂ ಮುಂದೆ ಎಷ್ಟು ನಂಬಬಹುದು?

ಲ್ಯಾಪ್‌ಟಾಪ್ ಒಳಗಿನ ಎಂ2 (2 ಮಿ.ಮೀ. ದಪ್ಪದ) ಸ್ಕ್ರೂವಿನ ಪ್ಲಸ್ ಗುರುತು ಸವೆದು ದುಂಡನೆಯ ಕುಳಿಯಾದ ಮೇಲೆ ಎಷ್ಟು ಒಳ್ಳೆಯ ಸ್ಕ್ರೂಡ್ರೈವರ್ ಬಿಟ್ ಇಟ್ಟರೂ ಅದು ಅಲ್ಲೇ ಗಿರಗಿರನೆ ಸುತ್ತುತ್ತದೆ. ಒಸಾಕಾದ ಎಂಜಿನಿಯರ್ ಕಂಪನಿಯ ಪಿಝಡ್-58 ಇಕ್ಕಳ ಇರುವುದೇ ಇಂಥ ಹೊತ್ತಿಗೆ. ಅದಕ್ಕೆ 'ನೇಜಿಸಾರಸ್' ಎಂಬ ಹೆಸರೂ ಇದೆ. ಜಪಾನಿ ಭಾಷೆಯಲ್ಲಿ ನೇಜಿ ಎಂದರೆ ಸ್ಕ್ರೂ. ಸ್ಕ್ರೂ ತಲೆ ಮೇಲೆದ್ದು ನಿಂತಿದ್ದರೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ತಲೆ ಒಳಗೆ ಹುದುಗಿದ್ದರೆ ಮಾತ್ರ ಇದರಿಂದ ಏನೂ ಆಗದು.

ಗುಟ್ಟೆಲ್ಲ ಹಲ್ಲಿನಲ್ಲಿದೆ. ಸಾಮಾನ್ಯ ಇಕ್ಕಳದ ಹಲ್ಲು ಅಡ್ಡಡ್ಡ ಇರುತ್ತದೆ, ದುಂಡು ತಲೆಯನ್ನು ಅದುಮಿದರೆ ಜಾರಿ ಮುಂದಕ್ಕೆ ತಳ್ಳಿಬಿಡುತ್ತದೆ. ಪಿಝಡ್-58ರ ಬಾಯಿಯ ತುದಿಯಲ್ಲಿ ಉದ್ದುದ್ದ ಗೀರುಗಳೂ ಇವೆ. ಹಾಗಾಗಿ ಇಕ್ಕಳವನ್ನು ಸ್ಕ್ರೂ ಮೇಲೆ ನೆಟ್ಟಗೆ ನಿಲ್ಲಿಸಿ, ತಲೆಯ ಅಂಚನ್ನು ಕಚ್ಚಿಸಿ, ಸ್ಕ್ರೂಡ್ರೈವರ್‌ನಂತೆಯೇ ತಿರುಗಿಸಬಹುದು. ಸರಿಯಾಗಿ ಕಚ್ಚಿದ್ದರೆ ಅಂಚಿನಲ್ಲಿ ಸಣ್ಣ ಸಣ್ಣ ಹೊಳೆಯುವ ಕಚ್ಚುಗಳು ಕಾಣುತ್ತವೆ. ಹೀಗೇ ಕಾಣುವ ಅಗ್ಗದ ಇಕ್ಕಳ ಕೊಳ್ಳುವುದಾದರೆ ಬಾಯಿ ತೆರೆದು ನೋಡಿ: ತುದಿಯಲ್ಲಿ ಉದ್ದ ಗೀರು ಇಲ್ಲದಿದ್ದರೆ ಅದು ಈ ಕೆಲಸಕ್ಕಲ್ಲ.

ಎಸ್‌ಎಸ್‌ಡಿ ಹಿಡಿದಿರುವ ಎಂ2 ಸ್ಕ್ರೂ ಇದಕ್ಕೆ ಕಠಿಣ ಪರೀಕ್ಷೆ. ತಲೆ ಅಗಲ, ಆದರೆ ದಪ್ಪ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ಕೆಳಗೇ ಬೋರ್ಡ್. ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ. ಸುತ್ತ ಎರಡು ಪದರ ಕ್ಯಾಪ್ಟಾನ್ ಟೇಪ್ (ಬಿಸಿ, ಕರೆಂಟ್ ತಡೆಯುವ ತೆಳು ಟೇಪ್) ಅಂಟಿಸಿ, ಇಕ್ಕಳದ ತುದಿ ಒಂದು ಸಲ ಜಾರಿದರೂ ಪಕ್ಕದ ಕೆಪ್ಯಾಸಿಟರ್ ಕಿತ್ತು ಬರುತ್ತದೆ. ಗಟ್ಟಿಯಾಗಿ ಅದುಮಿ, ಮೊದಲು ಕೂದಲೆಳೆಯಷ್ಟು ಬಲಕ್ಕೆ, ಆಮೇಲೆ ಎಡಕ್ಕೆ. ಹಿಡಿತ ತಪ್ಪಿದರೆ ಅದೇ ಜಾಗ ಕಚ್ಚಿಸಬೇಡಿ, ಕಾಲು ಸುತ್ತು ಆಚೆ ಹೊಸ ಅಂಚು ಹಿಡಿಯಿರಿ. ಅರ್ಧ ಸುತ್ತು ಸಡಿಲವಾದರೆ ಸಾಕು, ಉಳಿದದ್ದಕ್ಕೆ ಚಿಮಟ ಇದೆ.

ಕಂಪನಿ ಹೇಳುವ ಅಳತೆ 3ರಿಂದ 9.5 ಮಿ.ಮೀ. ತಲೆಗೆ. ಅಂದರೆ ಮೊಬೈಲ್ ಸ್ಕ್ರೂಗಳನ್ನು ಮರೆತುಬಿಡಿ. ಮೇಲ್ಮೈಗೆ ಸಮನಾಗಿ ಕೂರುವ ಇಳಿಜಾರು ತಲೆಯ ಸ್ಕ್ರೂ, ಲ್ಯಾಪ್‌ಟಾಪ್ ತಳದ ಗುಂಡಿಯೊಳಗಿನ ಸ್ಕ್ರೂ, ಇವಕ್ಕೂ ಬಾಯಿ ತಲುಪುವುದಿಲ್ಲ. ರಿಪೇರಿಯಲ್ಲಿ ಹೆಚ್ಚು ಕಾಡುವುದು ಈ ತಳದ ಸ್ಕ್ರೂಗಳೇ ಆದ್ದರಿಂದ ಈ ಕೊರತೆ ಚಿಕ್ಕದಲ್ಲ.

ಅಲ್ಲಿ ಬೇರೆ ದಾರಿ ಹಿಡಿಯಬೇಕು. ಸ್ಕ್ರೂ ಸವೆಯಲು ಬಹುತೇಕ ಕಾರಣ ಪಿಎಚ್0 ಅಳತೆಯ ಪ್ಲಸ್ ಬಿಟ್ ಇಡಬೇಕಾದ ಕಡೆ ಅದಕ್ಕಿಂತ ಚಿಕ್ಕ ಪಿಎಚ್00 ಇಟ್ಟದ್ದು, ಹಾಗಾಗಿ ಮೊದಲು ಒಂದು ಅಳತೆ ದೊಡ್ಡ ಬಿಟ್ ಇಟ್ಟು ನೋಡಿ. ಬಲದಲ್ಲಿ ಹತ್ತಕ್ಕೆ ಏಳು ಪಾಲು ಕೆಳಕ್ಕೆ ಒತ್ತಲು, ಮೂರು ಪಾಲು ಮಾತ್ರ ತಿರುಗಿಸಲು. ಆಗಲೂ ಜಾರಿದರೆ ಆಟೋ ಸ್ಪೇರ್ಸ್ ಅಂಗಡಿಯಲ್ಲಿ ಸಿಗುವ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಅನ್ನು ಸಾಸಿವೆ ಕಾಳಿಗಿಂತ ಕಡಿಮೆ ಕುಳಿಗೆ ಹಚ್ಚಿ. ಅದರ ಹರಳುಗಳು ಬಿಟ್ಟಿಗೂ ಲೋಹಕ್ಕೂ ನಡುವೆ ಕಚ್ಚಿಕೊಳ್ಳುತ್ತವೆ. ಕೆಲಸ ಮುಗಿದ ಮೇಲೆ ಪೂರ್ತಿ ಒರೆಸಿ, ಫ್ಯಾನಿನೊಳಗೆ ಬಿದ್ದರೆ ಬೇರಿಂಗ್ ತಿಂದುಹಾಕುತ್ತದೆ. ಬಿಟ್ಟಿಗೂ ಸ್ಕ್ರೂಗೂ ನಡುವೆ ರಬ್ಬರ್ ಬ್ಯಾಂಡ್ ಇಡಿ ಎಂದು ಎಲ್ಲರೂ ಹೇಳುವ ಉಪಾಯ ದೊಡ್ಡ ಸ್ಕ್ರೂಗೆ ಸರಿ. ಇಷ್ಟು ಚಿಕ್ಕ ಕುಳಿಯಲ್ಲಿ ರಬ್ಬರೇ ತುಂಬಿಕೊಂಡು ಬಿಟ್ ಮೇಲೆ ತೇಲುತ್ತದೆ.

ಮುಂದಿನ ಹೆಜ್ಜೆ ಸುಮಾರು 1.4 ಮಿ.ಮೀ. ಅಗಲದ ಟಿ5 ಟಾರ್ಕ್ಸ್ (ಆರು ಮೂಲೆಯ ನಕ್ಷತ್ರದಾಕಾರದ) ಬಿಟ್, ಇಲ್ಲವೇ 1.7ರ ಟಿ6. ಕುಳಿಯಲ್ಲಿಟ್ಟು ಸಣ್ಣ ಸುತ್ತಿಗೆಯಿಂದ ಎರಡು ಮೂರು ಹಗುರ ಏಟು, ಅಷ್ಟೇ. ಪಕ್ಕದಲ್ಲಿ ಹಾರ್ಡ್ ಡಿಸ್ಕ್ ಇದ್ದರೆ ಇದನ್ನು ಮಾಡಲೇಬಾರದು. ಸ್ಕ್ರೂ ಥ್ರೆಡ್‌ನಲ್ಲಿ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಚ್ಚುವ ಅಂಟು) ಇದ್ದರೆ ಸೋಲ್ಡರಿಂಗ್ ಐರನ್‌ನ ಬಿಸಿ ತುದಿಯನ್ನು ಕೆಲವು ಸೆಕೆಂಡ್ ತಲೆಗೆ ತಾಗಿಸಿ ಬಿಸಿಯಲ್ಲೇ ತಿರುಗಿಸಿ. ಪ್ಲಾಸ್ಟಿಕ್ ತಳದಲ್ಲಿ ಮಾತ್ರ ಹುಷಾರು: ಸ್ಕ್ರೂ ಹಿಡಿದಿರುವ ಹಿತ್ತಾಳೆಯ ಬುಷ್ ಸುತ್ತ ಪ್ಲಾಸ್ಟಿಕ್ ಮೆತ್ತಗಾದರೆ ಬುಷ್ ಸಮೇತ ಸ್ಕ್ರೂ ಸುತ್ತತೊಡಗುತ್ತದೆ. ಆಮೇಲೆ ಆ ತಳವನ್ನು ಒಡೆಯದೆ ತೆಗೆಯುವುದು ತೀರಾ ಕಷ್ಟ.

ಬರೀ ಮೊಬೈಲ್ ಬಿಚ್ಚುವವರು ಈ ಇಕ್ಕಳಕ್ಕೆ ದುಡ್ಡು ಹಾಕುವ ಬದಲು ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಎಸ್2 ಎಂಬ ಗಟ್ಟಿ ಉಕ್ಕಿನ ಒಳ್ಳೆಯ ಬಿಟ್ ಸೆಟ್ ಕೊಳ್ಳಲಿ. ಪ್ರಿಂಟರ್, ಡೆಸ್ಕ್‌ಟಾಪ್, ಮಿಕ್ಸಿಯನ್ನೂ ರಿಪೇರಿ ಮಾಡುವವರಿಗೆ ಪಿಝಡ್-58 ಖಂಡಿತ ಬೇಕು. ತೆಗೆದ ಸ್ಕ್ರೂ ವಾಪಸ್ ಹಾಕಬೇಡಿ. ಹೊಸದರ ಉದ್ದವನ್ನು ಹಳೆಯದರ ಪಕ್ಕ ಇಟ್ಟು ಅಳೆಯಿರಿ: 3 ಮಿ.ಮೀ. ಇದ್ದ ಕಡೆ 5 ಮಿ.ಮೀ. ಹಾಕಿದರೆ ತುದಿ ತಳಕ್ಕೆ ತಾಗಿ ನಿಲ್ಲುತ್ತದೆ, ಬಲವಂತವಾಗಿ ಬಿಗಿಯಲು ಹೋಗಿ ಹೊಸ ತಲೆಯೂ ಸವೆಯುತ್ತದೆ.