ಕೊಲ್ಹಾರದ ದಾರಿಯಲ್ಲಿ ಒಂದು ಇ-ರೀಡರ್

ಮೊದಲೇ ಹೇಳಿಬಿಡುತ್ತೇನೆ. ಇ-ರೀಡರ್, ಅಂದರೆ ಪುಸ್ತಕ ಓದಲಿಕ್ಕೆಂದೇ ಮಾಡಿದ ಯಂತ್ರ, ಚೆನ್ನಾಗಿದೆ, ಅದರೊಳಗೆ ಹಾಕಲು ಕನ್ನಡ ಸಿಗುವುದೇ ಕಷ್ಟ. ದುಡ್ಡು ಕೊಡುವ ಮುಂಚೆ ಈ ಎರಡನ್ನೂ ಬೇರೆ ಬೇರೆ ಇಟ್ಟು ಯೋಚನೆ ಮಾಡಿ.

ನಾನು ವಿಜಯಪುರದವಳು, ಕೆಲಸ ಬಾಗಲಕೋಟೆಯ ನವನಗರದಲ್ಲಿ. ಶನಿವಾರ ಊರಿಗೆ, ಸೋಮವಾರ ಬೆಳಗ್ಗೆ ಮತ್ತೆ ಕೊಲ್ಹಾರದ ದಾರಿಯ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಮಗೆ ಟಿಕೆಟ್ ದುಡ್ಡು ಉಳಿಯಿತು, ಸೀಟು ಸಿಗುವುದು ಕಡಿಮೆಯಾಯಿತು. ಉಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಇದನ್ನು ತಗೊಂಡೆ. ಆರು ಇಂಚಿನ ಕಪ್ಪು-ಬಿಳುಪು ಪರದೆ, ಬೆಲೆ 13,000 ರೂಪಾಯಿಯ ಆಸುಪಾಸು. ಕಂಪನಿ ಹೆಸರು ಬೇಡ. ಇಲ್ಲಿ ಹೇಳುವುದರಲ್ಲಿ ಬಹಳಷ್ಟು ಈ ಜಾತಿಯ ಯಾವ ಯಂತ್ರಕ್ಕೂ ಹೊಂದುತ್ತದೆ.

ಪರದೆಯ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಫೋನಿನ ಪರದೆ ಬೆಳಕನ್ನು ನಮ್ಮ ಕಣ್ಣಿಗೇ ಎಸೆಯುತ್ತದೆ, ಇದು ಹಾಗಲ್ಲ. ಒಳಗೆ ಕಪ್ಪು ಮತ್ತು ಬಿಳಿಯ ತೀರಾ ಸಣ್ಣ ಕಣಗಳಿರುತ್ತವೆ. ವಿದ್ಯುತ್ ಕೊಟ್ಟಾಗ ಕೆಲವು ಮೇಲೆ ಬರುತ್ತವೆ, ಕೆಲವು ಕೆಳಗೆ ಹೋಗುತ್ತವೆ, ಅಕ್ಷರ ಮೂಡುತ್ತದೆ. ಒಮ್ಮೆ ಮೂಡಿದ ಪುಟ ಹಾಗೇ ನಿಲ್ಲಲು ಕರೆಂಟೇ ಬೇಕಿಲ್ಲ. ಅದಕ್ಕೇ ಬ್ಯಾಟರಿ ವಾರಗಟ್ಟಲೆ ಬರುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಕಿಟಕಿ ಪಕ್ಕ ಕೂತರೆ ಫೋನಿನಲ್ಲಿ ನಮ್ಮದೇ ಮುಖ ಕಾಣುತ್ತದೆ, ಅಲ್ವಾ? ಇದರಲ್ಲಿ ಬಿಸಿಲು ಏರಿದಷ್ಟೂ ಅಕ್ಷರ ಸ್ಪಷ್ಟ. ಪುಟ ತಿರುಗಿಸುವಾಗ ಪರದೆ ಒಂದು ಕ್ಷಣ ಮಿನುಗುತ್ತದೆ, ಒಂದೆರಡು ದಿನದಲ್ಲಿ ರೂಢಿಯಾಗುತ್ತದೆ. ತೂಕ ಕಡಿಮೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಪುಸ್ತಕ ಹಿಡಿದು ನಿಂತು ಓದಬಹುದು. ದಪ್ಪ ಕಾದಂಬರಿ ಹಿಡಿದು ಹೀಗೆ ಮಾಡಿ ನೋಡಿ, ಕೊಲ್ಹಾರ ಬರುವಷ್ಟರಲ್ಲಿ ಮಣಿಕಟ್ಟು ನೋಯುತ್ತದೆ.

ಒಮ್ಮೆ ಪಕ್ಕದಲ್ಲಿ ಕೂತಿದ್ದ ಅಜ್ಜ ಬಹಳ ಹೊತ್ತು ನೋಡಿ ಕೇಳಿದರು: "ಯವ್ವಾ, ಇದರಾಗ ಫೋನ್ ಬರೂದಿಲ್ಲೇನು?"

"ಇಲ್ರೀ ಅಜ್ಜಾರ."

"ವಿಡಿಯೋ?"

"ಅದೂ ಇಲ್ರೀ."

"ಮತ್ತ ಇಷ್ಟ ರೊಕ್ಕಾ ಯಾಕ ಕೊಟ್ಟಿ?"

ಉತ್ತರ ಕೊಡುವ ಬದಲು ಅಕ್ಷರ ದೊಡ್ಡದು ಮಾಡಿ ಅವರ ಕೈಗೇ ಕೊಟ್ಟೆ. ಬಸವಣ್ಣನವರ ವಚನಗಳಿದ್ದವು. ಚಷ್ಮಾ ಹಾಕಿಕೊಳ್ಳದೆ ತಾವೇ ಗಟ್ಟಿಯಾಗಿ ಓದಲು ಶುರು ಮಾಡಿದರು. ಮುಳವಾಡ ದಾಟಿದರೂ ವಾಪಸ್ ಕೊಡಲಿಲ್ಲ. ವಯಸ್ಸಾದವರಿಗೆ ಇದರಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ ಅಂತ ನನಗೆ ಅನಿಸಿದ್ದು ಆಗಲೇ. ಆದರೆ ಕಂಪನಿಗಳ ಜಾಹೀರಾತಿನಲ್ಲಿ ಬರೀ ಕಾಫಿ ಕುಡಿಯುವ ಹುಡುಗರು!

ಇನ್ನು ಕನ್ನಡದ ವಿಚಾರ. ಪೆಟ್ಟಿಗೆಯಿಂದ ತೆಗೆದಂತೆ ಓದಲು ಹೋದರೆ ಕಿರಿಕಿರಿ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಸಾಲುಗಳ ನಡುವೆ ಜಾಗ ಸಾಲದೆ ಕೆಳಗಿನ ಸಾಲಿಗೆ ತಾಗುತ್ತವೆ. ಮೊದಲು ಆ ಅಂತರ ಹೆಚ್ಚಿಸಿ. ಆಮೇಲೆ ಎರಡೂ ಅಂಚು ಸಮ ಮಾಡುವ ಆಯ್ಕೆಯನ್ನು ತೆಗೆದುಬಿಡಿ. ಕನ್ನಡದ ಪದಗಳು ಉದ್ದ, ಚಿಕ್ಕ ಪರದೆಯಲ್ಲಿ ಒಂದು ಸಾಲಿಗೆ ಮೂರೋ ನಾಲ್ಕೋ ಹಿಡಿಯುತ್ತವೆ. ಅಂಚು ಸಮ ಮಾಡಲು ಹೋಗಿ ಯಂತ್ರ ಪದಗಳ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಬಿಡುತ್ತದೆ. ನನ್ನದರಲ್ಲಿ ಬೇಕಾದ ಫಾಂಟ್ ಹಾಕಿಕೊಳ್ಳಬಹುದು. ಗುಬ್ಬಿ, ನವಿಲು ಅಂತ ಎರಡು ಮುಕ್ತ ಫಾಂಟುಗಳಿವೆ, ಪುಕ್ಕಟೆ. ನಾನು ಗುಬ್ಬಿಗೆ ನಿಂತೆ.

ಇಷ್ಟಾದ ಮೇಲೆ ಓದುವುದೇನು? ಇಂಗ್ಲಿಷ್ ಪುಸ್ತಕ ಬೇಕಾದಷ್ಟು. ಕನ್ನಡದ ಹಳೆಯ ಪುಸ್ತಕಗಳು ಅಂತರ್ಜಾಲದಲ್ಲಿ ಇಲ್ಲವೆಂದಲ್ಲ, ಇವೆ. ಆದರೆ ಹೆಚ್ಚಿನವು ಪುಟಗಳ ಫೋಟೊ. ಆರು ಇಂಚಿನಲ್ಲಿ ಆ ಪುಟ ಇರುವೆ ಸಾಲು. ದೊಡ್ಡದು ಮಾಡಿದರೆ ಎಡಕ್ಕೆ ಬಲಕ್ಕೆ ಎಳೆದಾಡಬೇಕು. ಅಜ್ಜನಿಗೆ ಮಾಡಿಕೊಟ್ಟ ಹಾಗೆ ಅಕ್ಷರ ಮಾತ್ರ ಹಿಗ್ಗಿಸಲು ಬರುವುದಿಲ್ಲ, ಏಕೆಂದರೆ ಯಂತ್ರದ ಪಾಲಿಗೆ ಅಲ್ಲಿ ಅಕ್ಷರವೇ ಇಲ್ಲ, ಚಿತ್ರ ಅಷ್ಟೇ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದ ಕಡತ ಸಿಕ್ಕರೂ ಪರದಾಟ ತಪ್ಪದು. ಪಠ್ಯವನ್ನು ನಕಲು ಮಾಡಿದರೆ ಇಂಗ್ಲಿಷ್ ಅಕ್ಷರಗಳ ಚಿತ್ತಾರ ಬರುತ್ತದೆ, ಅದನ್ನು ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಯುನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ನಮ್ಮ ಡಿಟಿಪಿ ಅಂಗಡಿಗಳು ಅದರ ಕಡೆ ತಿರುಗಿ ನೋಡಲು ಬಹಳ ವರ್ಷ ಹಿಡಿಯಿತು.

ನನಗೆ ನಿಜವಾಗಿ ಒದಗಿದ್ದು ವಚನಗಳು. ಅವು ಯುನಿಕೋಡ್‌ನಲ್ಲಿ ಸಿಗುತ್ತವೆ, ವಚನ ಸಂಚಯ ಅನ್ನುವ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಇವೆ. ಹೆಚ್ಚಿನವು ಚಿಕ್ಕವು, ಒಂದು ಪರದೆಗೆ ಒಂದು ವಚನ. ಕಂಡಕ್ಟರ್ ಬಂದು ಎಬ್ಬಿಸಿದರೂ ಓದು ಕಡಿಯುವುದಿಲ್ಲ. ಕ್ಯಾಲಿಬರ್ ಅನ್ನುವ ಉಚಿತ ತಂತ್ರಾಂಶದಲ್ಲಿ ಇ-ಪಬ್, ಅಂದರೆ ಇ-ರೀಡರಿಗೆ ಒಗ್ಗುವ ಕಡತ, ಮಾಡಿಕೊಂಡೆ. ಅಲ್ಲಮ, ಅಕ್ಕ, ಮುಕ್ತಾಯಕ್ಕ ಒಂದೊಂದು ಕಡತ.

ನಮ್ಮೂರಿನವಳಾಗಿ ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ಈ ವಚನಗಳು ತಾಳೆಗರಿಯಿಂದ ಅಚ್ಚಿಗೆ ಬಂದದ್ದರಲ್ಲಿ ದೊಡ್ಡ ಪಾಲು ವಿಜಯಪುರದಲ್ಲಿ ವಕೀಲಿಕೆ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರದು. 1923ರಲ್ಲಿ ಅವರ ವಚನಶಾಸ್ತ್ರಸಾರದ ಮೊದಲ ಭಾಗ ಬಂತು. ಸ್ವಂತ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಅವರು ಊರೂರು ತಿರುಗಿ ಕಟ್ಟು ಹುಡುಕಿ, ಕೈಯಿಂದ ಪ್ರತಿ ಮಾಡಿ, ಅಚ್ಚಿನ ಮೊಳೆ ಜೋಡಿಸಿದ ಮೇಲೆ ನಮಗೆ ಉಳಿದಿದ್ದು ಟೈಪಿಂಗ್ ಕೆಲಸ. ವಚನಗಳಿಗೆ ಅದನ್ನು ಕೆಲವರು ಮಾಡಿದ್ದಾರೆ. ಮಿಕ್ಕ ಪುಸ್ತಕಗಳಿಗೆ ಫೋಟೊ ಹೊಡೆದು ಕೈ ತೊಳೆದುಕೊಂಡಿದ್ದೇವೆ. ಬೈಗುಳ ಯಂತ್ರದ ಕಂಪನಿಗಳಿಗೆ ಮಾತ್ರ ಹೋಗುತ್ತಿದೆ. ಅರ್ಧ ನಮಗೂ ಸಲ್ಲಬೇಕು.

ಯಾರು ತಗೋಬೇಕು? ಇಂಗ್ಲಿಷೂ ಓದುವವರು, ಕಂಪ್ಯೂಟರಿನಲ್ಲಿ ಕೈಯಾಡಿಸಲು ಬೇಸರ ಇಲ್ಲದವರು ಧೈರ್ಯವಾಗಿ ತಗೊಳ್ಳಿ. ಬರೀ ಕನ್ನಡ ಕಾದಂಬರಿ ಓದುವವರು ಸದ್ಯಕ್ಕೆ ಬಿಡಿ. ಕನ್ನಡದ ಹೊಸ ಇ-ಪುಸ್ತಕ ಮಾರುವ ಆಪ್‌ಗಳಿವೆ, ಆದರೆ ಅವು ಫೋನಿಗೆ. ಅಲ್ಲಿ ಕೊಂಡ ಪುಸ್ತಕವನ್ನು ನನ್ನ ಯಂತ್ರಕ್ಕೆ ತರಲು ಆಗಲಿಲ್ಲ. ಅಪ್ಪ-ಅಮ್ಮನಿಗೆ ಕೊಡುವುದಾದರೆ ಪುಸ್ತಕ ತುಂಬಿಸಿ, ಅಕ್ಷರ ದೊಡ್ಡದು ಮಾಡಿಯೇ ಕೊಡಿ. ಸುಮ್ನೆ ಪೆಟ್ಟಿಗೆ ಕೊಟ್ಟರೆ ಅದು ಕಪಾಟಿನಲ್ಲೇ ಉಳಿಯುತ್ತದೆ.

ಕಂಪನಿಯ ಹೊದಿಕೆ ಮಾತ್ರ ಬೇಡವೇ ಬೇಡ. ಸಾವಿರದ ಮೇಲೆ ಹೇಳುತ್ತಾರೆ. ಮನೆಯಲ್ಲಿ ಗುಳೇದಗುಡ್ಡದ ಖಣದ ತುಂಡು ಉಳಿದಿತ್ತು. ಒಳಗೆ ಸ್ಪಂಜು ಹಾಕಿಸಿ ಟೇಲರ್ ಹತ್ತಿರ ಚೀಲ ಹೊಲಿಸಿಕೊಂಡೆ, 70 ರೂಪಾಯಿ. ಯಂತ್ರಕ್ಕೆ ಐದರಲ್ಲಿ ಮೂರೂವರೆ ಕೊಡುತ್ತೇನೆ, ಚೀಲಕ್ಕೆ ಪೂರ್ತಿ ಐದು.