ಸ್ಕ್ರೇಪ್ ಪೇಂಟಿಂಗ್‌ಗೆ ಹಳೆಯ ಎಟಿಎಂ ಕಾರ್ಡೇ ಸಾಕು

ಮೂರ್ನಾಲ್ಕು ವರ್ಷದ ಮಗುವಿಗೆ ಬಣ್ಣದ ರುಚಿ ಹತ್ತಿಸಬೇಕೆಂದರೆ ಕುಂಚಕ್ಕಿಂತ ಮೊದಲು ಅವಧಿ ಮುಗಿದ ಎಟಿಎಂ ಕಾರ್ಡ್ ಕೊಡಿ ಎನ್ನುವವಳು ನಾನು. ಕಾಗದದ ಒಂದು ಅಂಚಿನಲ್ಲಿ ಬಣ್ಣದ ಚುಕ್ಕಿಗಳನ್ನಿಟ್ಟು, ನೇರ ಅಂಚಿರುವ ಯಾವುದರಿಂದಾದರೂ ಒಂದೇ ಸಲ ಎಳೆದರೆ ಬಣ್ಣ ಪಟ್ಟೆಪಟ್ಟೆಯಾಗಿ ಹರಡುತ್ತದೆ. ಮನೆ, ಸೂರ್ಯ, ತೆಂಗಿನಮರ ಬಿಡಿಸಲು ಬಾರದ ಮಗುವೂ ‘ನಾನೇ ಮಾಡಿದ್ದು’ ಎಂದು ಎತ್ತಿ ತೋರಿಸುತ್ತದೆ. ಹಾಗೆಂದು ಇದು ಬರೀ ಮಕ್ಕಳಾಟವಲ್ಲ. ಜರ್ಮನಿಯ ಕಲಾವಿದ ಗೆರ್ಹಾರ್ಡ್ ರಿಕ್ಟರ್ ಉದ್ದನೆಯ ಪಟ್ಟಿಗಳಿಂದ ಬಣ್ಣ ಎಳೆದೆಳೆದೇ ದೊಡ್ಡ ಕ್ಯಾನ್ವಾಸ್‌ಗಳನ್ನು ರಚಿಸಿದ್ದಾರೆ.

ನಮ್ಮ ಮನೆಯಲ್ಲಿ ಬಳಸಿ ನೋಡಿದ್ದು ಮೂರು: ಆನ್‌ಲೈನ್‌ನಲ್ಲಿ ತರಿಸಿದ ಹಿಡಿಕೆಯ ಸ್ಕ್ರೇಪರ್ ಸೆಟ್, ರಟ್ಟಿನ ಪಟ್ಟಿ, ಹಳೆಯ ಕಾರ್ಡ್.

ಸೆಟ್ಟಿನ ತೊಂದರೆಯೆಲ್ಲ ಹಿಡಿಕೆಯಲ್ಲಿದೆ. ರಬ್ಬರಿನ ಅಲಗು ಪ್ಲಾಸ್ಟಿಕ್ ಹಿಡಿಕೆಯೊಳಗೆ ಸೇರುವ ಕಡೆ ಒಂದು ಸಣ್ಣ ಸಂದಿ. ಎಳೆಯುವಾಗ ಗುಡ್ಡೆಯಾಗುವ ಬಣ್ಣ ಅಲಗಿನ ಮೇಲೇರಿ ಆ ಸಂದಿಯೊಳಗೆ ನುಗ್ಗುತ್ತದೆ. ಬಟ್ಟೆಯಿಂದ ಒರೆಸಿದರೆ ಹೊರಗೆಲ್ಲ ಸ್ವಚ್ಛ. ಮುಂದಿನ ಹಾಳೆಯಲ್ಲಿ ಹಳದಿ, ಬಿಳಿ ಎಳೆಯುವಾಗ ಮಗು ತುಸು ಒತ್ತಿತೋ, ಒಳಗಿದ್ದ ಕೆಂಪು, ಹಸಿರು ಒಸರಿ ನಟ್ಟನಡುವೆ ಕೆಸರುಬಣ್ಣದ ಗೆರೆ ಬೀಳುತ್ತದೆ.

ಹಲ್ಲುಕಡ್ಡಿಯಿಂದ ಕೆದಕಿದೆ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿದೆ, ನೀರಿನಲ್ಲಿ ನೆನೆಹಾಕಿದೆ. ನೆನೆಹಾಕಿದರೆ ಸಂದಿಯಲ್ಲಿ ನಿಂತ ನೀರು ಹಾಳೆಯ ಮೇಲೆ ತೊಟ್ಟಿಕ್ಕುತ್ತದೆ. ಮಾರಾಟಗಾರರಿಗೆ ಬರೆದಾಗ, ಬಳಸಿದ ವಸ್ತುವನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂಬ ಉತ್ತರ ಬಂತು. ದುಡ್ಡು ಹೋದದ್ದಕ್ಕಿಂತ ಹೆಚ್ಚು ಬೇಸರವಾದದ್ದು ಬೇರೆ ಕಾರಣಕ್ಕೆ. ಈ ಆಟಕ್ಕೆ ವೇಗವೇ ಜೀವ. ಒಂದು ಎಳೆದ ಕೂಡಲೇ ಮಗುವಿಗೆ ಇನ್ನೊಂದು ಹಾಳೆ ಬೇಕು. ಪ್ರತಿ ಹಾಳೆಗೂ ಅಮ್ಮ ಸಿಂಕಿನ ಮುಂದೆ ಉಜ್ಜುತ್ತಾ ನಿಂತರೆ ಮಗು ಎಷ್ಟು ಹೊತ್ತು ಕಾದೀತು? ನನ್ನ ಮಗಳು ಎದ್ದು ಹೋಗಿ ಸೋಫಾ ಹತ್ತಿ ಕುಣಿಯತೊಡಗಿದಳು.

ಕಾರ್ಡಿನಲ್ಲಿ ಸಂದಿಯೇ ಇಲ್ಲ. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ಮುಗಿಯಿತು. ಸುಮಾರು 8.5 ಸೆಂ.ಮೀ. ಉದ್ದದ ಅಂಚು ಪುಟ್ಟ ಕೈಗೆ ಹದವಾಗಿದೆ. ಜೋರಾಗಿ ಒತ್ತಿದರೆ ಬಾಗುತ್ತದೆಯೇ ಹೊರತು ಕಾಗದ ಹರಿಯುವುದಿಲ್ಲ. ಕೊಡುವ ಮುನ್ನ ಚಿಪ್ ಮತ್ತು ಸಂಖ್ಯೆ ಇರುವ ಭಾಗವನ್ನು ಕತ್ತರಿಸಿ ತೆಗೆಯಿರಿ, ಕತ್ತರಿಸಿದ ಮೂಲೆಗಳನ್ನು ಮರಳುಕಾಗದದಿಂದ ಉಜ್ಜಿ. ಬಣ್ಣ ಎಳೆಯಲು ಕತ್ತರಿ ತಾಗದ ಮೂಲ ಅಂಚೇ ಆಗಬೇಕು. ಕತ್ತರಿಸಿದ ಅಂಚಿನಲ್ಲಿ ಕಣ್ಣಿಗೆ ಕಾಣದ ಮುಳ್ಳೊಂದು ಉಳಿದರೂ ಹಾಳೆಯುದ್ದಕ್ಕೂ ಬಿಳಿ ಗೀರು ಬೀಳುತ್ತದೆ.

ರಟ್ಟಿಗೆ ಎರಡನೆಯ ಸ್ಥಾನ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವಾದರೆ ಒಳ್ಳೆಯದು. ಅಂಚಿನಲ್ಲಿ ಹಲ್ಲುಗಳನ್ನು ಕತ್ತರಿಸಿ ಬಾಚಣಿಗೆ ಮಾಡಿಕೊಟ್ಟರೆ ಮಕ್ಕಳು ಅಲೆ ಅಲೆಯಾಗಿ ಎಳೆಯುತ್ತಾರೆ. ಆದರೆ ಬಣ್ಣ ಹೀರಿ ಬೇಗ ಮೆತ್ತಗಾಗುತ್ತದೆ.

ಬಣ್ಣದ ವಿಷಯದಲ್ಲಿ ನನ್ನ ಮತ ಪೋಸ್ಟರ್ ಬಣ್ಣಕ್ಕೆ. ಅಕ್ರಿಲಿಕ್‌ನ ಹೊಳಪು ಚೆಂದ, ಆದರೆ ಒಣಗಿದ ಮೇಲೆ ಯೂನಿಫಾರ್ಮಿನಿಂದ ಹೋಗುವುದಿಲ್ಲ. ಚುಕ್ಕಿ ಕಡಲೆಬೇಳೆಯಷ್ಟಿದ್ದರೆ ಸಾಕು. ಕೆಂಪು ಮತ್ತು ಹಸಿರನ್ನು ಅಕ್ಕಪಕ್ಕ ಇಡಬೇಡಿ, ಎರಡೂ ಬೆರೆತರೆ ಕಂದು. ಹಳದಿ, ಕೇಸರಿ, ಕೆಂಪು ಒಂದು ಗುಂಪು. ನೀಲಿ, ಹಸಿರು, ಬಿಳಿ ಇನ್ನೊಂದು. ಮಗು ಹಿಂದಕ್ಕೂ ಮುಂದಕ್ಕೂ ಉಜ್ಜಿದರೂ ಈ ಗುಂಪುಗಳು ಕೆಸರಾಗುವುದಿಲ್ಲ.

ಪ್ರಿಂಟರ್‌ನ ಎ4 ಹಾಳೆ ಸುಕ್ಕುಗಟ್ಟುತ್ತದೆ. ಡ್ರಾಯಿಂಗ್ ಶೀಟ್ ಅಥವಾ ಒಂದೇ ಬದಿ ಮುದ್ರಿಸಿದ ಹಳೆಯ ಗೋಡೆ ಕ್ಯಾಲೆಂಡರಿನ ಹಿಂಬದಿ ಬಳಸಿ, ನಾಲ್ಕೂ ಮೂಲೆಗೆ ಟೇಪ್ ಹಚ್ಚಿ.

ಕಚೇರಿಯಿಂದ ಬಂದ ಮೇಲೆ, ಅನ್ನ ಬೇಯುವಷ್ಟು ಹೊತ್ತು ಮಾತ್ರ ನನಗೆ ಮಗಳೊಂದಿಗೆ ಬಣ್ಣಕ್ಕೆ ಕೂರಲು ಬಿಡುವು. ಅಷ್ಟರಲ್ಲಿ ಹರಡಿ, ಎಳೆದು, ಒರೆಸಿ ಮುಗಿಯುವುದು ಕಾರ್ಡಿನಿಂದ ಮಾತ್ರ. ಸೆಟ್ಟಿಗೆ ಕೊಡುವ ಹಣದಲ್ಲಿ ಬಿಳಿ ಬಣ್ಣದ ದೊಡ್ಡ ಶೀಶೆ ಕೊಳ್ಳಿ, ಎಲ್ಲಕ್ಕಿಂತ ಬೇಗ ಖಾಲಿಯಾಗುವುದು ಅದೇ. ಹುಟ್ಟುಹಬ್ಬಕ್ಕೆ ಓಣಿಯ ಮಕ್ಕಳೆಲ್ಲ ಬರುವ ದಿನ ಮಾತ್ರ ನಾನು ರಟ್ಟು ಕತ್ತರಿಸುತ್ತೇನೆ. ಅಷ್ಟೊಂದು ಹಳೆಯ ಕಾರ್ಡುಗಳು ಯಾರ ಮನೆಯಲ್ಲೂ ಇರುವುದಿಲ್ಲ.