ಕಕ್ಕಬ್ಬೆ ಹತ್ರ ಟೆಂಟ್ ಸ್ಟೇ, ಎರಡು ವರ್ಷದ ಮಗಳ ಜೊತೆ

ಡಿಸೆಂಬರ್‌ನಲ್ಲಿ ಕೊಡಗಿನ ಕಕ್ಕಬ್ಬೆ ಹತ್ರ ಒಂದು ಕಾಫಿ ತೋಟದೊಳಗಿನ ಟೆಂಟ್ ಸ್ಟೇಗೆ ಹೋಗಿದ್ವಿ, ನಾನು, ನಮ್ಮನೆಯವ್ರು, ಎರಡು ವರ್ಷದ ಮಗಳು. ಜಾಗ ನಿಜವಾಗ್ಲೂ ಚೆನ್ನಾಗಿದೆ, ಬೆಳಿಗ್ಗೆ ಮಂಜು ಸರಿದ್ಮೇಲೆ ತಡಿಯಂಡಮೋಳ್ ಕಾಣುತ್ತೆ, 1,748 ಮೀಟರ್, ಕೊಡಗಿನಲ್ಲೇ ಎತ್ತರದ ಬೆಟ್ಟ. ಆದ್ರೆ ರಾತ್ರಿ ಚಳಿ ಇದ್ಯಲ್ಲ, ಅದಕ್ಕೆ ಅವ್ರು ಕೊಟ್ಟಿದ್ದು ಒಂದೇ ತೆಳು ರಗ್ಗು, ಹನ್ನೊಂದು ಗಂಟೆಗೆಲ್ಲ ಟೆಂಟ್ ಒಳಗಡೆ ನೀರು ಹನಿ ಕಟ್ಟಿ ತೊಟ್ಟಿಕ್ಕಿ ಮಗು ದಿಂಬು ಒದ್ದೆ, ಕಾಲು ಮುಟ್ಟಿದ್ರೆ ಐಸ್, ಕೊನೆಗೆ ನನ್ನ ಸ್ವೆಟರ್ ಒಳಗೇ ಸೇರಿಸ್ಕೊಂಡು ಮಲಗಿಸ್ದೆ. ಚಿಕ್ಕ ಮಗು ಇದೆ ಅಂತ ಬುಕ್ ಮಾಡುವಾಗ್ಲೇ ಹೇಳಿದ್ದೆ, ಅದಕ್ಕೇ ಬೇಜಾರು. ಬೆಂಕಿ ಹಾಕೋ ಜಾಗಕ್ಕೆ ಸುತ್ತ ಒಂದು ಕಟ್ಟೆನೂ ಇಲ್ಲ, ಮಗಳ ಕೈ ಬಿಡೋ ಹಾಗೇ ಇರ್ಲಿಲ್ಲ.

ಅಡುಗೆ ಮಾಡೋ ಅಕ್ಕನಿಗೆ ಮಾತ್ರ ಕೈ ಮುಗೀಬೇಕು. ನಾವು ಕೇಳ್ದೇನೇ ಬೆಳಿಗ್ಗೆ ಬಿಸಿ ನೂಪುಟ್ಟಿಗೆ (ಅಕ್ಕಿ ಶಾವಿಗೆ) ತುಪ್ಪ, ಬೆಲ್ಲ ಹಾಕಿ ತಂದ್ಕೊಟ್ರು, ಮಗಳು ಒಂದೊಂದೇ ಎಳೆ ಎತ್ತಿ ತಿಂತಿದ್ಲು.

ಪುಟ್ಟ ಮಕ್ಳಿದ್ರೆ ಟೆಂಟ್ ಬದ್ಲು ಅಲ್ಲೇ ಇರೋ ರೂಮ್ ತಗೊಳ್ಳಿ, ಉಣ್ಣೆ ಟೋಪಿ, ಸಾಕ್ಸ್, ಎಕ್ಸ್‌ಟ್ರಾ ರಗ್ಗು ಮನೆಯಿಂದ್ಲೇ ಒಯ್ಯಿರಿ. ಮಳೆಗಾಲದಲ್ಲಂತೂ ಬೇಡ್ವೇ ಬೇಡ, ಜಿಗಣೆ ಕಾಟ.